ಪದಚರ್ಚೆ: ದಾರಿ ‘ಬಿಟ್ಟಿದಾರೆ’ ಅನ್ನೋದಾ, ‘ಬಿಟ್ಟುಕೊಟ್ಟಿದಾರೆ’ ಅನ್ನೋದಾ? (ಸ್ನೋಮೊಬೈಲ್ ಟ್ರೇಲ್ ವಿಷಯ)

ಎಲ್ರಿಗೂ ನಮಸ್ಕಾರ,

ಒಂದು ಪದಕ್ಕೆ ಸಿಕ್ಕಾಕೊಂಡಿದೀನಿ, ಸ್ವಲ್ಪ ಉದ್ದ ಆಗತ್ತೆ, ಸಹಿಸ್ಕೊಳ್ಳಿ. ನಾನಿರೋದು ನ್ಯೂ ಹ್ಯಾಂಪ್‌ಶೈರ್‌ನ ನ್ಯಾಶುವಾ ಹತ್ರ. ಹೋದ ಚಳಿಗಾಲ ನಮ್ಮ ಕನ್ನಡದೋರು ಒಂದಿಪ್ಪತ್ತು ಜನ ಸೇರ್ಕೊಂಡು ವರ್ಮಾಂಟ್‌ಗೆ ಸ್ನೋಮೊಬೈಲ್ (ಹಿಮದ ಮೇಲೆ ಓಡೋ ಮೋಟಾರು ಗಾಡಿ) ಓಡಿಸೋಕೆ ಹೋಗಿದ್ವಿ, ವಾಟ್ಸಾಪಿಗೆ ಹಾಕೋ ಕನ್ನಡ ನೋಟೀಸು ಬರೆದವನು ನಾನೇ. ‘ವರ್ಮಾಂಟಿನ ಸಾರ್ವಜನಿಕ ಹಿಮದಾರಿಗಳಲ್ಲಿ ಸವಾರಿ’ ಅಂತ ಗತ್ತಾಗಿ ಬರೆದಿದ್ದೆ. ಅಲ್ಲೇ ಎಡವಟ್ಟಾಗಿದ್ದು.

ಅಲ್ಲಿ ಗೈಡ್ ಮುಂದೆ, ನಾವೆಲ್ಲ ಹಿಂದೆ ಸಾಲಾಗಿ. ಒಂದು ಕಡೆ ದಾರಿ ಕಾಡಿಂದ ಆಚೆ ಬಂದು ಹೊಲದ ಅಂಚಲ್ಲಿ ಹೋಗತ್ತೆ, ಎರಡೂ ಪಕ್ಕ ಕಿತ್ತಳೆ ಬಣ್ಣದ ಗೂಟ ನೆಟ್ಟಿದಾರೆ. ಕಡೇಲಿದ್ದ ಇಬ್ರು ಬಿಳೀ ಬಯಲು ನೋಡಿ ತಡ್ಕೊಳೋಕಾಗ್ದೆ ಗೂಟ ದಾಟಿ ಹೊಲದ ಮಧ್ಯಕ್ಕೆ ಹೋಗಿ ಫೋಟೋ ತೆಗೆಸ್ಕೊಂಡು ಎರಡು ಸುತ್ತು ಹೊಡೆದ್ರು. ಮನೆಯಿಂದ ಒಬ್ರು ಅಜ್ಜ ಬೂಟು ಏರಿಸ್ಕೊಂಡು ಬಂದ್ರು. ಕೂಗಾಡ್ಲಿಲ್ಲ, ಬಗ್ಗಿ ಗಾಡಿ ಓಡಿದ ಜಾಗದ ಹಿಮಾನ ಬೂಟಿನ ತುದಿಯಿಂದ ತಟ್ಟಿ ತೋರಿಸಿದ್ರು, ಹಲಗೆ ಥರ ಟಕಟಕ ಅಂತು. ಪಕ್ಕದ ಹಿಮ ಹತ್ತಿ ಹಾಗಿತ್ತು. ಕೆಳಗಡೆ ಇದ್ದಿದ್ದು ಕುದುರೆ ಮಸಾಲೆ ಬೆಳೆ, ದನದ ಮೇವು. ಸಡಿಲ ಹಿಮ ಬೆಳೆಗೆ ಕಂಬಳಿ ಇದ್ದ ಹಾಗಂತೆ, ಒತ್ತಿ ಗಟ್ಟಿ ಮಾಡಿಬಿಟ್ರೆ ಚಳಿ ನೇರ ಬೇರಿಗೆ ಇಳಿಯತ್ತೆ, ವಸಂತದಲ್ಲಿ ಅಷ್ಟು ಜಾಗ ಬೋಳು. ಗೈಡ್ ಮುಖ ಬಿಳಚಿಕೊಂಡಿತ್ತು. ಅವನಿಗಿದ್ದ ಹೆದರಿಕೆ ಏನು ಅಂದ್ರೆ ಈ ಅಜ್ಜ ಬೇಡ ಅಂದ್ರೆ ಮುಂದಿನ ವರ್ಷ ಆ ದಾರಿ ಅಲ್ಲಿಗೇ ಕಟ್, ಆ ಕಡೆ ಕಾಡಿಗೂ ಈ ಕಡೆ ಊರಿಗೂ ನಂಟೇ ಇರಲ್ಲ. ಸುತ್ತು ಹೊಡೆದ ನಮ್ಮ ಮಿತ್ರರು ಆಮೇಲೆ ನನ್ನ ಹತ್ರ ಬಂದು ಹೇಳಿದ್ದು, ‘ಅಲ್ಲ ಸಾರ್, ಸಾರ್ವಜನಿಕ ಅಂತ ನೀವೇ ಬರೆದಿದ್ರಲ್ಲ?’

ತಪ್ಪು ನಂದೇ. ಅಲ್ಲಿ ದುಡ್ಡು ಕಟ್ಟಿದೋರು ಯಾರು ಬೇಕಾದ್ರೂ ಓಡಿಸಬಹುದು, ಅಷ್ಟೇ. ಜಾಗ ಬಹುಪಾಲು ಸರ್ಕಾರದ್ದಲ್ಲ. ವರ್ಮಾಂಟಲ್ಲಿ 4,500 ಮೈಲಿಗೂ ಜಾಸ್ತಿ ಇಂಥ ದಾರಿ ಇದೆ, ನೋಡ್ಕೊಳ್ಳೋದು ವಾಸ್ಟ್ ಅಂತ 1967ರಲ್ಲಿ ಶುರುವಾದ ಒಂದು ಸಂಘ ಮತ್ತೆ ಅದರ ಕೆಳಗಿರೋ ಊರೂರಿನ ಕ್ಲಬ್ಬುಗಳು. ಆ ದಾರೀಲಿ ನೂರಕ್ಕೆ ಸುಮಾರು 80 ಭಾಗ ಖಾಸಗಿಯವರ ಹೊಲ, ತೋಪು, ಹಿತ್ತಲಲ್ಲೇ ಹೋಗತ್ತೆ. ಡಿಸೆಂಬರ್ 16ರಿಂದ ಏಪ್ರಿಲ್ 15ರವರೆಗೆ, ಅದೂ ಹಿಮ ಸಾಕಷ್ಟಿದ್ರೆ. ಓಡಿಸೋರು ಕಟ್ಟೋ ದುಡ್ಡು ಸಂಘಕ್ಕೆ ಹೋಗತ್ತೆ, ಸೇತುವೆಗೆ, ಬೋರ್ಡಿಗೆ, ರಾತ್ರಿ ಹೊತ್ತು ಹಿಮ ಮಟ್ಟ ಮಾಡೋ ಮಷೀನಿಗೆ ಅಂತ ಖರ್ಚಾಗತ್ತೆ. ಜಮೀನಿನವರಿಗೆ ಬಾಡಿಗೆ ಇಲ್ಲ. ವರ್ಷಕ್ಕೊಂದು ಊಟ ಹಾಕಿ ಥ್ಯಾಂಕ್ಸ್ ಹೇಳ್ತಾರೆ. ದುಡ್ಡು ತಗೊಳ್ದೆ ಇರೋದಕ್ಕೂ ಒಂದು ಅರ್ಥ ಇದೆ, ಪುಕ್ಕಟೆ ಬಿಟ್ಟಿದ್ರೆ ಅಲ್ಲಿ ಬಿದ್ದು ಕಾಲು ಮುರ್ಕೊಂಡವನು ಮಾಲೀಕನ ಮೇಲೆ ಕೇಸ್ ಹಾಕೋಕಾಗಲ್ಲ, ಬೇಕುಬೇಕಂತಲೇ ಅಪಾಯ ಮಾಡಿದ್ರೆ ಮಾತ್ರ ಅವನು ಹೊಣೆ. ಹಂಗಾಗಿ ‘ಗೇಣಿ’, ‘ಗುತ್ತಿಗೆ’, ‘ಬಾಡಿಗೆ’ ಈ ಪದಗಳನ್ನ ಮೊದಲೇ ಹೊಡೆದುಹಾಕಿದೀನಿ.

ಈಗ ಈ ಸಲದ ನೋಟೀಸು ಸರಿಯಾಗಿ ಬರೀಬೇಕು. ಜೊತೆಗೆ ಅಲ್ಲಿನ ಕ್ಲಬ್ಬಿನೋರು ನಿಮ್ಮ ಭಾಷೇಲೂ ಒಂದು ಪುಟ ಮಾಡ್ಕೊಡಿ ಅಂದಿದಾರೆ, ಜನ ಬರ್ಲಿ ಅಂತ ಕರೆಯೋದೂ ಆಗಬೇಕು, ಬಂದೋರು ಗೂಟ ದಾಟದ ಹಾಗೂ ಇರಬೇಕು. ಕಷ್ಟ ಇರೋದು ಇಲ್ಲೇ, ಜಾಸ್ತಿ ಕರೆದಷ್ಟೂ ಗೊತ್ತಿಲ್ಲದೋರು ಬರ್ತಾರೆ, ಗೊತ್ತಿಲ್ಲದೋರು ಬಂದಷ್ಟೂ ಜಮೀನಿನವರಿಗೆ ಬೇಜಾರು. ಪ್ರಚಾರ ಅನ್ನೋ ಪದವೂ ನಂಗೆ ಹಿಡಿಸ್ತಿಲ್ಲ, ಎಲೆಕ್ಷನ್ ಆಟೋ ಮೈಕಿನ ವಾಸನೆ ಬರತ್ತೆ. ಅದು ಇರಲಿ.

ಮೊದಲನೇ ಪದ ‘ಭೂಮಾಲೀಕ’. ನಿಘಂಟಿನ ಪ್ರಕಾರ ಸರಿ. ಆದ್ರೆ ನಮ್ಮಪ್ಪನಿಗೆ ಫೋನಲ್ಲಿ ಓದಿ ಹೇಳಿದ್ರೆ (ಅರಸೀಕೆರೆ ಕಡೆಯೋರು, ಎಂಬತ್ತರ ಹತ್ರ) ‘ಏನಪ್ಪಾ ಅಲ್ಲೂ ಡಿಕ್ಲರೇಷನ್ ಅರ್ಜಿ ಹಾಕ್ತಾರಾ’ ಅಂತ ನಕ್ರು. 1974ರ ಭೂಸುಧಾರಣೇಲಿ ಗೇಣಿದಾರರು ಉಳೋ ಜಮೀನಿಗೆ ಡಿಕ್ಲರೇಷನ್ ಹಾಕಿದ್ದನ್ನ ನೋಡಿದ ತಲೆಮಾರಿಗೆ ಭೂಮಾಲೀಕ ಅಂದ್ರೆ ಎದುರುಗಡೆ ಒಬ್ಬ ಗೇಣಿದಾರ ಇರಲೇಬೇಕು. ಈ ಅಜ್ಜ ತಾನೇ ಹಾಲು ಕರೆದು ತಾನೇ ಮೇವು ಕೊಯ್ಯೋನು, ಅವನನ್ನ ಭೂಮಾಲೀಕ ಅಂದ್ರೆ ಚಿತ್ರವೇ ಬೇರೆ ಆಗತ್ತೆ. ‘ಜಮೀನಿನವರು’ ಅಥವಾ ‘ಹೊಲದೋರು’ ಸಾಕು ಅಂತ ನನ್ನ ಮತ.

ಎರಡನೇದು ಅವರು ಕೊಡೋ ಒಪ್ಪಿಗೆಗೆ ಏನನ್ನೋದು. ಅನುಮತಿ ಅಂದ್ರೆ ಕಚೇರಿ, ಸೀಲು, ಟಪಾಲು. ಇಲ್ಲಿ ಎಷ್ಟೋ ಕಡೆ ಅಕ್ಟೋಬರಲ್ಲಿ ಕ್ಲಬ್ಬಿನೋರು ಹೋಗಿ ಅಡುಗೆಮನೇಲಿ ಕೂತು ಕಾಫಿ ಕುಡಿದು ‘ಈ ವರ್ಷವೂ ಆಗಬಹುದಲ್ಲ?’ ಅಂತ ಕೇಳೋದೇ ಒಪ್ಪಂದ. ವರ್ಮಾಂಟ್ ಕಾನೂನಲ್ಲೇ ಕ್ಲಬ್ಬಿಗೆ ಬಾಯಿಮಾತಲ್ಲಾದ್ರೂ ಬರವಣಿಗೇಲಾದ್ರೂ ಒಪ್ಪಿಗೆ ಸಿಕ್ಕಿದ್ರೆ ಸಾಕು ಅಂತಿದೆ. ‘ಹಕ್ಕು’ ಅನ್ನೋ ಪದ ಅಂತೂ ಹತ್ರಕ್ಕೂ ಬರಕೂಡದು. ಆ ಪದ ಕಿವಿಗೆ ಬಿದ್ರೆ ನಾಳೆಯೇ ಗೇಟಿಗೆ ಚೈನ್ ಬೀಳತ್ತೆ. ನಮ್ಮಲ್ಲೂ ಹಾಗೇ ತಾನೆ, ‘ಸ್ವಲ್ಪ ದಾರಿ ಬಿಡಿ ಗೌಡ್ರೇ’ ಅಂದ್ರೆ ಬಿಡ್ತಾರೆ, ‘ನಕಾಶೇಲಿ ದಾರಿ ಇದೆ’ ಅಂತ ಹೋದ್ರೆ ತಹಸೀಲ್ದಾರ್ ಆಫೀಸಿಗೆ ಅಲೀಬೇಕು.

ಇದಕ್ಕೆ ನಮ್ಮ ತಾತನ ಕಥೆ ಒಂದು ನೆನಪಾಗತ್ತೆ. ನಮ್ಮ ತೆಂಗಿನ ತೋಟದ ಬದು ಮೇಲೆ ಪಕ್ಕದೋರು ಬಾವಿಗೆ ಓಡಾಡೋರು, ತಾತ ಒಂದಿನಾನೂ ಬೇಡ ಅಂದಿಲ್ಲ, ಆದ್ರೆ ವರ್ಷಕ್ಕೊಂದ್ಸಲ ಒಂದು ಜಾಲಿ ಕೊಂಬೆ ಎಳೆದು ದಾರಿಗೆ ಅಡ್ಡ ಹಾಕಿ ಸಾಯಂಕಾಲ ತಾವೇ ತೆಗೆಯೋರು. 20 ವರ್ಷ ತಡೆಯಿಲ್ದೆ ಓಡಾಡಿದ್ರೆ ಹಕ್ಕಾಗಿಬಿಡತ್ತೆ ಅಂತ ಯಾರೋ ಹೇಳಿದ್ರಂತೆ. 1882ರ ಈಸ್‌ಮೆಂಟ್ (ಬೇರೆಯವರ ಜಾಗದಲ್ಲಿ ಓಡಾಡೋ ಥರದ ಹಕ್ಕು) ಕಾಯ್ದೇಲಿ 20 ವರ್ಷ ಅನ್ನೋದು ನಿಜ, ಆದ್ರೆ ಒಂದು ದಿನದ ಮುಳ್ಳು ಅಲ್ಲಿ ತಡೆ ಅನ್ನಿಸ್ಕೊಳಲ್ಲ, ಅಡ್ಡ ಹಾಕಿದ್ದು ಗೊತ್ತಾದ ಮೇಲೂ ಎದುರಿನೋರು ಒಂದು ವರ್ಷ ಸುಮ್ನಿದ್ರೆ ಮಾತ್ರ ಅದು ತಡೆ. ತಾತಂಗೆ ಅದು ಗೊತ್ತಿರ್ಲಿಲ್ಲ, ಪುಣ್ಯಕ್ಕೆ ಪಕ್ಕದೋರಿಗೂ ಗೊತ್ತಿರ್ಲಿಲ್ಲ. ಕೇಳಿ ಓಡಾಡಿದ್ದು ಎಷ್ಟು ವರ್ಷ ಆದ್ರೂ ಹಕ್ಕಾಗಲ್ಲ, ಅದು ಅದೇ ಕಾಯ್ದೆ ಹೇಳೋ ಲೈಸೆನ್ಸು, ಸಾಮಾನ್ಯವಾಗಿ ಕೊಟ್ಟೋನು ವಾಪಸ್ ತಗೋಬಹುದು. ಸ್ನೋಮೊಬೈಲ್ ದಾರಿ ಬಹುಪಾಲು ಇದೇ ಜಾತಿ. ಹಾಗಂತ ‘ಲೈಸೆನ್ಸ್’ ಅಂತ ಬರೆದ್ರೆ ನಮ್ಮ ಜನ ಡಿಎಲ್ ತಗೊಂಡು ಬರ್ತಾರೆ.

ಇಷ್ಟೆಲ್ಲ ಯೋಚ್ನೆ ಮಾಡಿದ ಮೇಲೆ ನಂಗನ್ನಿಸಿದ್ದು, ಇಲ್ಲಿ ನಾಮಪದ ಹುಡುಕೋದೇ ದಂಡ, ಕನ್ನಡ ಇದನ್ನ ಕ್ರಿಯಾಪದದಲ್ಲೇ ಹೇಳತ್ತೆ. ‘ಬಿಡು’. ‘ಓಡಾಡೋಕೆ ಬಿಟ್ಟಿದಾರೆ’ ಅಂದ್ರೆ ಇವತ್ತು ಬಿಟ್ಟಿದಾರೆ, ನಾಳೆ ಬಿಡದೇ ಇರಬಹುದು, ಜಾಗ ಅವರದ್ದೇ. ಅದೇ ‘ಬಿಟ್ಟುಕೊಟ್ಟಿದಾರೆ’ ಅಂದ್ರೆ ಕೈ ತೊಳ್ಕೊಂಡ ಹಾಗೆ, ಅಣ್ಣ ತಮ್ಮಂಗೆ ಪಾಲು ಬಿಟ್ಟುಕೊಟ್ಟ ಅಂತೀವಲ್ಲ, ವಾಪಸ್ ಕೇಳಂಗಿಲ್ಲ. ಒಂದು ‘ಕೊಡು’ ಸೇರಿದ್ದಕ್ಕೆ ಲೈಸೆನ್ಸು ಹೋಗಿ ಈಸ್‌ಮೆಂಟೇ ಆಗೋಗತ್ತೆ! ಅದಕ್ಕೆ ಕರಡಲ್ಲಿ ಹೀಗೆ ಬರೆದಿದೀನಿ: ‘ಈ ದಾರಿ ಹೋಗೋದು ಒಬ್ಬೊಬ್ಬರ ಹೊಲದಲ್ಲಿ, ಹೊಲದೋರು ವಿಶ್ವಾಸದ ಮೇಲೆ ಓಡಾಡೋಕೆ ಬಿಟ್ಟಿದಾರೆ, ಗೂಟದ ಆಚೆ ಬಿಟ್ಟಿಲ್ಲ.’ ‘ವಿಶ್ವಾಸದ ಮೇಲೆ’ ಬದಲು ‘ದಾಕ್ಷಿಣ್ಯಕ್ಕೆ’ ಅಂತ ಹಾಕಿ ನೋಡಿದೆ, ಅದ್ರಲ್ಲಿ ಇಲ್ಲ ಅನ್ನಕ್ಕಾಗದೆ ಒಪ್ಕೊಂಡ ಅನ್ನೋ ಕೊರಗು ಇದೆ, ತೆಗೆದುಹಾಕಿದೆ.

ನನ್ನ ಪ್ರಶ್ನೆಗಳು ಇಷ್ಟು. ‘ಬಿಟ್ಟಿದಾರೆ’, ‘ಬಿಟ್ಟುಕೊಟ್ಟಿದಾರೆ’ ನಡುವಿನ ಈ ವ್ಯತ್ಯಾಸ ನಿಮ್ಮ ಕಿವಿಗೂ ಹೀಗೇ ಕೇಳತ್ತಾ, ಇಲ್ಲ ನಮ್ಮ ಹಾಸನದ ಕಡೆಯದ್ದು ಮಾತ್ರವಾ? ಧಾರವಾಡ, ವಿಜಯಪುರದ ಕಡೆಯೋರು ‘ಮುಲಾಜಿಗೆ ಹಾದಿ ಬಿಟ್ಟಾರ’ ಅಂದ್ರೆ ಅದ್ರಲ್ಲಿ ಗೌರವ ಜಾಸ್ತಿಯೋ ಒತ್ತಾಯ ಜಾಸ್ತಿಯೋ? ಕರಾವಳಿಯೋರು ಪಕ್ಕದ ಮನೆ ಅಂಗಳ ದಾಟಿ ಹೋಗೋ ದಾರಿಗೆ ಏನಂತೀರ?

ಇನ್ನೊಂದು, ಗೂಟದ ಪಕ್ಕದ ಬೋರ್ಡಿಗೆ ‘ಅತಿಕ್ರಮ ಪ್ರವೇಶ ನಿಷೇಧಿಸಲಾಗಿದೆ’ ಬೇಡವೇ ಬೇಡ, ಅದು ಸೈಟಿನ ಕಾಂಪೌಂಡಿಗೆ ಬರೆಯೋ ಮಾತು. ‘ಗೂಟ ದಾಟಬೇಡಿ, ಕೆಳಗೆ ಬೆಳೆ ಇದೆ’ ಅಂತ ಹಾಕೋಣ ಅಂತಿದೀನಿ. ಹಿಮದ ಕೆಳಗೆ ಬೆಳೆ ಅಂದ್ರೆ ನಮ್ಮೋರು ನಂಬ್ತಾರಾ ಅನ್ನೋದೇ ಅನುಮಾನ. ಶನಿವಾರದೊಳಗೆ ಯಾರಾದ್ರೂ ಉತ್ತರ ಬರೀರಿ, ಪ್ರಿಂಟಿಗೆ ಕೊಡಬೇಕು.