ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ: ಅಪ್ಪ ಅಮ್ಮನಿಗೆ ಯಾವ ದಾರಿ ವಾಸಿ?

ಪ್ರಶ್ನೆ: ಮೈಸೂರಿನಲ್ಲಿರುವ ಅಪ್ಪ ಅಮ್ಮ ಮೊದಲ ಸಲ ಅಮೆರಿಕಕ್ಕೆ, ಅಕ್ಕನ ಮನೆಗೆ ಹೊರಟಿದ್ದಾರೆ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 14,000 ಕಿ.ಮೀ., 16 ಗಂಟೆ ಅಂತ ನೆಟ್‌ನಲ್ಲಿದೆ. ಟಿಕೆಟ್ ನೋಡಿದರೆ 22, 24 ಗಂಟೆ ತೋರಿಸುತ್ತಿದೆ. ನಿಜಕ್ಕೂ ಎಷ್ಟು ಹೊತ್ತು? ಅಪ್ಪನಿಗೆ ಮಂಡಿ ನೋವು, ಅಮ್ಮನಿಗೆ ಶುಗರ್. ಹೋಗಿ ಬಂದವರು ದಯವಿಟ್ಟು ಹೇಳಿ.

ಸನ್ನಿವೇಲ್‌ನಿಂದ (ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಊರು): 16 ಗಂಟೆ ಅನ್ನೋದು ನೇರ ವಿಮಾನದ ಲೆಕ್ಕ. 2021ರ ಜನವರಿಯಲ್ಲಿ ಏರ್ ಇಂಡಿಯಾ ಅದನ್ನು ಶುರು ಮಾಡಿತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಆ ಮೊದಲ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದವರು ಮಹಿಳಾ ಪೈಲಟ್‌ಗಳೇ. ನಿಮ್ಮ ತಾರೀಖಿಗೆ ನೇರ ವಿಮಾನ ಇದೆಯಾ ಅಂತ ಮೊದಲು ನೋಡಿ. ಇಲ್ಲವಾದರೆ ನಡುವೆ ಒಂದು ಕಡೆ ಇಳಿದು ಹತ್ತಬೇಕು.

ಆಗ ಕಿಲೋಮೀಟರ್ ನೋಡಬೇಡಿ, ಗಂಟೆ ಹೇಗೆ ಹಂಚಿದೆ ಅಂತ ನೋಡಿ. ದುಬೈ ಮೂಲಕ ಹೋದರೆ ಮೊದಲು 4 ಗಂಟೆ, ಆಮೇಲೆ ಒಂದೇ ಸಮನೆ ಸುಮಾರು 16 ಗಂಟೆ. ಸಿಂಗಪುರದ ದಾರಿಯೂ ಹೆಚ್ಚು ಕಡಿಮೆ ಹಾಗೇ. ಫ್ರಾಂಕ್‌ಫರ್ಟ್ ಮೂಲಕ ಆದರೆ ಸುಮಾರು 10 ಮತ್ತು 11 ಗಂಟೆ. ಮಂಡಿ ನೋವಿರುವವರಿಗೆ ಈ ಅರ್ಧರ್ಧ ದಾರಿಯೇ ವಾಸಿ. ನಡುವೆ ವಿಮಾನ ಬದಲಿಸುವ ದೇಶದ ವೀಸಾ (ಟ್ರಾನ್ಸಿಟ್ ವೀಸಾ) ಬೇಕಾ ಅಂತ ಟಿಕೆಟ್ ಮಾಡುವ ಮೊದಲೇ ಕೇಳಿಕೊಳ್ಳಿ.

ಬರುವಾಗ ಹೊತ್ತು ಬೇರೆ ಇರಬಹುದು, ಗಾಬರಿ ಬೇಡ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ. ಅದು ಹಿಂದಿನಿಂದ ತಳ್ಳಿದರೆ ಬೇಗ, ಎದುರಾದರೆ ತಡ.

ಶಿವಮೊಗ್ಗದಿಂದ: ನಾನು ದುಬೈ ದಾರಿಯನ್ನೇ ಹೇಳುತ್ತೇನೆ. ಅಲ್ಲಿ ಹಿಂದಿ, ಮಲಯಾಳಂ ಮಾತಾಡುವ ಸಿಬ್ಬಂದಿ ಸಿಗುತ್ತಾರೆ. ಇಂಗ್ಲಿಷ್ ಬರದ ನಮ್ಮಮ್ಮನಿಗೆ ಅದೇ ದೊಡ್ಡ ಧೈರ್ಯವಾಯಿತು. ಯಾವ ದಾರಿಯಾದರೂ ಇಬ್ಬರಿಗೂ ವೀಲ್‌ಚೇರ್ ಬುಕ್ ಮಾಡಿ. ಅಮ್ಮ ನಡೀತಾರಲ್ವಾ ಅಂತ ಸುಮ್ನೆ ಬಿಡಬೇಡಿ, ಇಬ್ಬರೂ ಜೊತೆಗಿರುವುದು ಮುಖ್ಯ.

ಎರಡು ವಿಮಾನಕ್ಕೂ ಒಂದೇ ಟಿಕೆಟ್ ಇರಲಿ. ನಡುವೆ ಮೂರು ಗಂಟೆಯಾದರೂ ಬಿಡಿ. ಷಿಕಾಗೋದಂಥ ಅಮೆರಿಕದ ಊರಲ್ಲೇ ವಿಮಾನ ಬದಲಿಸುವ ಟಿಕೆಟ್ ಬೇಡ. ಅಮೆರಿಕದಲ್ಲಿ ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಮುಗಿಸಬೇಕು, ಸಾಮಾನ್ಯವಾಗಿ ಪೆಟ್ಟಿಗೆ ತೆಗೆದು ಮತ್ತೆ ಕೊಡಬೇಕು. ವಯಸ್ಸಾದವರಿಗೆ ಅದು ತುಂಬಾ ಕಷ್ಟ.

ಹಾಸನದಿಂದ: ಅಮ್ಮನ ಮಾತ್ರೆ ಬಗ್ಗೆ ಯಾರೂ ಹೇಳಲಿಲ್ಲ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಮಧ್ಯಾಹ್ನ ಹೊರಟವರು ನೇರ ವಿಮಾನದಲ್ಲಿ ಅದೇ ದಿನ ಸಂಜೆ ಇಳಿಯುತ್ತಾರೆ! ಹಾಗಾಗಿ "ಬೆಳಿಗ್ಗೆ ಒಂದು, ರಾತ್ರಿ ಒಂದು" ಅನ್ನುವ ಲೆಕ್ಕ ದಾರಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಷ್ಟು ಗಂಟೆಗೊಮ್ಮೆ ಏನು ತಗೋಬೇಕು ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಇನ್ಸುಲಿನ್ ಇದ್ದರೆ ಚೀಟಿ ಸಮೇತ ಕೈಚೀಲದಲ್ಲೇ ಇರಲಿ. ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಅಪ್ಪನಿಗೆ ಓಡಾಡುವ ದಾರಿ ಪಕ್ಕದ ಸೀಟು ಹಿಡಿಯಿರಿ, ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಲಿ.

ಮೈಸೂರಿನಿಂದ: ನಿಮ್ಮ ಲೆಕ್ಕಕ್ಕೆ ಮನೆಯಿಂದ ದೇವನಹಳ್ಳಿವರೆಗಿನ ದಾರಿಯನ್ನೂ ಸೇರಿಸಿ. ನಾಲ್ಕು ಗಂಟೆ ಅದಕ್ಕೇ ಬೇಕು. ಮೂರು ಗಂಟೆ ಮುಂಚೆ ಟರ್ಮಿನಲ್ 2ರಲ್ಲಿ ಇರಬೇಕು. ಆ ಕಡೆ ಇಳಿದ ಮೇಲೆ ಇಮಿಗ್ರೇಷನ್ ಸಾಲು ಬೇರೆ. 22 ಗಂಟೆ ಟಿಕೆಟ್ ಅಂದರೆ ಮನೆಯಿಂದ ಮನೆಗೆ 30 ಗಂಟೆ ದಾಟುತ್ತದೆ. ಸಾಧ್ಯವಾದರೆ ಹಿಂದಿನ ದಿನವೇ ಬೆಂಗಳೂರಿನ ನೆಂಟರ ಮನೆಗೆ ಕಳಿಸಿ, ಒಂದು ರಾತ್ರಿ ಚೆನ್ನಾಗಿ ಮಲಗಿ ಹೊರಡಲಿ.