ಪಿಎಫ್‌ಯು ಹಾಕಿದರೆ ಬ್ಯಾಂಡೇ ಬರುತ್ತಿಲ್ಲ, ಟ್ಯಾಕ್ ಹಾಕಿದರೆ ಬರುತ್ತದೆ

ಜೆಲ್‌ಮುಂದೆ:
ತಲೆ ಕೆಟ್ಟುಹೋಗಿದೆ. 2.4 ಕೆಬಿ (2400 ಬೇಸ್, ಅಂದರೆ ಡಿಎನ್‌ಎ ಅಕ್ಷರ) ಉದ್ದದ ಜೀನ್ ಕ್ಲೋನ್ ಮಾಡಬೇಕು. ಪಿಸಿಆರ್‌ನಲ್ಲಿ (ಡಿಎನ್‌ಎಯನ್ನು ಸೈಕಲ್ ಮೇಲೆ ಸೈಕಲ್ ಕಾಪಿ ಮಾಡುವುದು) ತಪ್ಪಿಲ್ಲದ ಕಾಪಿ ಬೇಕು ಅಂತಲೇ ಪಿಎಫ್‌ಯು ಅನ್ನುವ ಎನ್‌ಜೈಮ್ ತರಿಸಿದ್ದು. ಕಾಪಿ ಬಂತಾ ಅಂತ ನೋಡುವ ಜೆಲ್‌ನಲ್ಲಿ ಅಳತೆಯ ಲ್ಯಾಡರ್ ಬಿಟ್ಟರೆ ಕೆಳಗೆ ಪ್ರೈಮರ್ (ಕಾಪಿ ಶುರುಮಾಡಲು ಹಾಕುವ ಡಿಎನ್‌ಎ ತುಣುಕು) ಮಸುಕು ಮಾತ್ರ. ಅದೇ ಟೆಂಪ್ಲೇಟಿಗೆ (ಕಾಪಿ ಮಾಡಬೇಕಾದ ಡಿಎನ್‌ಎಗೆ) ಟ್ಯಾಕ್ ಎನ್‌ಜೈಮ್ ಹಾಕಿದರೆ ದಪ್ಪ ಬ್ಯಾಂಡ್. ಎನ್‌ಜೈಮೇ ಹಾಳಾಗಿದೆಯಾ?

ಹಳೇಪಿಪೆಟ್:
ಎಕ್ಸ್‌ಟೆನ್ಷನ್‌ಗೆ (ಹೊಸ ಎಳೆ ಬೆಳೆಯುವ ಹಂತ) ಎಷ್ಟು ಹೊತ್ತು ಕೊಟ್ಟಿರಿ? ಪಿಎಫ್‌ಯು ನಿಧಾನ, ಕೆಬಿಗೆ 2 ನಿಮಿಷ ಬೇಕೇ ಬೇಕು.

ಜೆಲ್‌ಮುಂದೆ:
72 ಡಿಗ್ರಿಯಲ್ಲಿ 5 ನಿಮಿಷ ಕೊಟ್ಟಿದ್ದೇನೆ.

ಹಳೇಪಿಪೆಟ್:
7 ಕೊಟ್ಟು ನೋಡಿ. ಮುಕ್ಕಾಲು ಪಾಲು ಟೈಮೇ ಕಾರಣ ಆಗಿರುತ್ತದೆ.

ತುಂಗಾತೀರ:
ಟ್ಯಾಕ್ ಬಫರ್ ಹಾಕಿಲ್ಲ ತಾನೇ? ಎನ್‌ಜೈಮ್ ಕೊನೆಗೆ ಹಾಕಿ. ಡಿಎನ್‌ಟಿಪಿ (ಹೊಸ ಎಳೆ ಕಟ್ಟುವ ಅಕ್ಷರಗಳು) ಇಲ್ಲದಿದ್ದರೆ ಪಿಎಫ್‌ಯು ಪ್ರೈಮರನ್ನೇ ತುದಿಯಿಂದ ತಿನ್ನುತ್ತದೆ. ಎರಡೂ ಆರ್ಕಿಯಾದವೇ (ಬ್ಯಾಕ್ಟೀರಿಯಾ ಅಲ್ಲದ ಬೇರೆ ಸೂಕ್ಷ್ಮಜೀವಿಗಳ ಗುಂಪು) ಆದರೂ ಟ್ಯಾಕ್‌ಗೆ ಆ ಚಾಳಿ ಇಲ್ಲ.

ಹಳೇಪಿಪೆಟ್:
ಟ್ಯಾಕ್ ಆರ್ಕಿಯಾದ್ದಲ್ಲ ಸರ್. ಯೆಲ್ಲೋಸ್ಟೋನ್ ಬಿಸಿನೀರಿನ ಬ್ಯಾಕ್ಟೀರಿಯಾದ್ದು. ಪಿಎಫ್‌ಯು ಇಟಲಿಯ ವಲ್ಕಾನೋ ದ್ವೀಪದ ಆರ್ಕಿಯಾದ್ದು.

ತುಂಗಾತೀರ:
ಇರಲಿ, ಇಲ್ಲಿ ಅದರಿಂದ ಏನು ವ್ಯತ್ಯಾಸ? ಬ್ಯಾಂಡ್ ಬರಬೇಕು ಅಷ್ಟೇ ಅಲ್ವಾ?

ವೇಗದೂತ:
ನಾನು ಕೆಒಡಿ ಅನ್ನುವ ಎನ್‌ಜೈಮಿಗೆ ಹೋಗಿಬಿಟ್ಟೆ. ಜಪಾನಿನ ಕೊಡಕಾರಾ ದ್ವೀಪದ ಆರ್ಕಿಯಾದ್ದು, ಸೆಕೆಂಡಿಗೆ ನೂರಕ್ಕೂ ಜಾಸ್ತಿ ಬೇಸ್ ಸೇರಿಸುತ್ತದೆ. ಊಟ ಮಾಡಿ ಬರುವಷ್ಟರಲ್ಲಿ ಮುಗಿದಿರುತ್ತದೆ.

ಮೂಲೆಬೆಂಚು:
ಆರ್ಕಿಯಾದ್ದಾ ಬ್ಯಾಕ್ಟೀರಿಯಾದ್ದಾ ಅನ್ನುವುದರಲ್ಲೇ ವ್ಯತ್ಯಾಸ ಇರುವುದು, ತುಂಗಾತೀರ ಅವರೇ. ಜೆಲ್‌ಮುಂದೆ, ಡಿಎನ್‌ಟಿಪಿ ಟ್ಯೂಬಿನ ಮೇಲೆ ಏನು ಬರೆದಿದೆ?

ಜೆಲ್‌ಮುಂದೆ:
ಎ, ಜಿ, ಸಿ, ಯು. ಪಕ್ಕದ ಲ್ಯಾಬಿನವರು ಕ್ಯೂಪಿಸಿಆರ್‌ಗೆ (ಡಿಎನ್‌ಎ ಎಷ್ಟಿದೆ ಅಂತ ಅಳೆಯುವ ಪಿಸಿಆರ್) ಇಟ್ಟುಕೊಂಡದ್ದು. ಟ್ಯಾಕ್‌ಗೂ ಅದೇ ಹಾಕಿದ್ದು, ಬಂತಲ್ಲ?

ಮೂಲೆಬೆಂಚು:
ಯು ಅಂದರೆ ಯುರಾಸಿಲ್, ಟಿ ಜಾಗದಲ್ಲಿ ಸೇರುತ್ತದೆ. ಟ್ಯಾಕ್‌ಗೆ ಅದು ಲೆಕ್ಕಕ್ಕಿಲ್ಲ. ಪಿಎಫ್‌ಯುಗೆ ಹಾಗಲ್ಲ. ಅದರಲ್ಲಿ ಯುರಾಸಿಲ್ ಹಿಡಿಯುವ ಒಂದು ಪುಟ್ಟ ಜೇಬಿದೆ. ಟೆಂಪ್ಲೇಟ್ ಎಳೆಯನ್ನು ಮುಂದಕ್ಕೆ ಓದುತ್ತಾ ಹೋಗಿ, ಯುರಾಸಿಲ್ ಇನ್ನು 4 ಬೇಸ್ ದೂರ ಇರುವಾಗಲೇ ನಿಂತುಬಿಡುತ್ತದೆ. ಆ ಜೀವಿ ಬೆಳೆಯುವುದು 100 ಡಿಗ್ರಿ ಹತ್ತಿರ. ಅಷ್ಟು ಬಿಸಿಯಲ್ಲಿ ಸೈಟೊಸಿನ್ (ಸಿ) ಸುಮ್ನೆ ಯುರಾಸಿಲ್ ಆಗುತ್ತಿರುತ್ತದೆ. ಅದನ್ನು ಕಾಪಿ ಮಾಡಿದರೆ ತಪ್ಪು ಕಾಯಂ. ಅದಕ್ಕೇ ನಿಲ್ಲುವುದು. ನಿಮ್ಮಲ್ಲಿ ಮೊದಲ ಸೈಕಲ್‌ನ ಕಾಪಿಯಲ್ಲೇ ಯುರಾಸಿಲ್ ಸೇರುತ್ತಿದೆ, ಮುಂದಿನ ಸೈಕಲ್‌ನಲ್ಲಿ ಅದನ್ನು ಓದಲು ಆಗುತ್ತಿಲ್ಲ. ಎಷ್ಟು ನಿಮಿಷ ಕೊಟ್ಟರೂ ಅಷ್ಟೇ. ಕೆಒಡಿಯೂ ಹೀಗೇ. ಟಿ ಇರುವ ಮಾಮೂಲಿ ಡಿಎನ್‌ಟಿಪಿ ಹಾಕಿ. ಯು ಬೇಕೇ ಬೇಕು ಅಂದರೆ 93ನೇ ಅಮೈನೊ ಆಮ್ಲ ವ್ಯಾಲಿನ್ ಬದಲು ಗ್ಲುಟಮಿನ್ ಇರುವ ಪಿಎಫ್‌ಯು ಸಿಗುತ್ತದೆ.

ಜೆಲ್‌ಮುಂದೆ:
ಟ್ಯಾಕ್‌ನ ಆ ದಪ್ಪ ಬ್ಯಾಂಡನ್ನೇ ಕತ್ತರಿಸಿ ಟೆಂಪ್ಲೇಟ್ ಮಾಡಿಕೊಳ್ಳಲಾ?

ಮೂಲೆಬೆಂಚು:
ಬೇಡ, ಅದರ ತುಂಬ ಯುರಾಸಿಲ್ಲೇ ಇದೆ. ಮೂಲ ಡಿಎನ್‌ಎಯಿಂದಲೇ ಶುರು ಮಾಡಿ.