ಕೇಳೋ ಮುಂಚೆ ಹೂಂ

ಸಾಗರದ ಅಡಿಕೆ ಮಂಡಿ ಹತ್ತಿರದ ಹೋಟೆಲಿನಲ್ಲಿ ಸಂಜೆ ಮಳೆಗೆ ಸಿಕ್ಕಿಕೊಂಡಿದ್ದೆವು. ತಗಡಿನ ಮೇಲಿನ ಸದ್ದಿಗೆ ಯಾರು ಏನು ಹೇಳಿದರೂ ಎರಡು ಸಲ ಹೇಳಬೇಕು. ಮಂಜ ಮಾತ್ರ ಒಂದು ಸಲವೂ ಹೇಳದೆ ಲ್ಯಾಪ್‌ಟಾಪ್ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಏನಾಯ್ತೋ?" ಅಂದರು ಗಣಪಣ್ಣ.

"ನೋಡ್‌ಜೆಎಸ್ ಅಂತ ಸಾಫ್ಟ್‌ವೇರು ಹಾಕಿದೆ. ಪ್ರಾಜೆಕ್ಟಿಗೆ ಅದರ ವರ್ಷನ್ 18 ಬೇಕಂತೆ, ಇಲ್ಲಿ 12 ಬಂದು ಕೂತಿದೆ."

"ಹಾಕೋ ಮುಂಚೆ ಯಾವ ವರ್ಷನ್ನು ಅಂತ ನೋಡಲಿಲ್ವಾ?"

"ಮೈನಸ್ ವೈ ಕೊಟ್ಟಿದ್ದೆ."

"ಹಂಗಂದ್ರೆ?" ಸುಬ್ಬಣ್ಣ ಬನ್ಸ್ ಮುರಿಯೋದು ನಿಲ್ಲಿಸಿದ.

"ಕಂಪ್ಯೂಟರ್ರು ‘ಮುಂದುವರಿಯಲಾ?’ ಅಂತ ಕೇಳುತ್ತಲ್ಲ, ಅದು ಕೇಳೋ ಮುಂಚೆನೇ ಎಲ್ಲದಕ್ಕೂ ಹೂಂ ಅಂದುಬಿಡೋದು."

"ಓ, ಸೊಸೈಟಿ ಸಾಲದ ಕಾಗದಕ್ಕೆ ನಮ್ಮಪ್ಪ ಸಹಿ ಹಾಕ್ತಿದ್ದಂಗೆ!"

ಗಣಪಣ್ಣ ಲೋಟ ಕೆಳಗಿಟ್ಟರು. ಲೋಟ ಕೆಳಗಿಟ್ಟರೆ ಅರ್ಧ ಗಂಟೆ ಅಂತಲೇ ಲೆಕ್ಕ. "ನಲವತ್ತು ವರ್ಷ ಮಂಡಿಯಲ್ಲಿ ಲೆಕ್ಕ ಬರೆದವನು ನಾನು." (ಹೋದ ತಿಂಗಳು ಮೂವತ್ತೈದು ಅಂದಿದ್ದರು. ಅವರ ಸರ್ವೀಸೂ ಅಪ್‌ಡೇಟ್ ಆಗ್ತಾ ಇರುತ್ತೆ.) "ರಾಶಿ ಅಡಿಕೆ ಅಂತ ಚೀಲ ತಂದಿಟ್ಟರೆ ವ್ಯಾಪಾರಿ ಮೇಲಿನದನ್ನ ನೋಡಿ ರೇಟು ಕಟ್ತಾನಾ? ಮೊಣಕೈವರೆಗೆ ಕೈ ಇಳಿಸಿ ಅಡಿಯಿಂದ ಒಂದು ಹಿಡಿ ತೆಗೀತಾನೆ. ಎರಡು ಕತ್ತರಿಸಿ ನೋಡ್ತಾನೆ. ಅಡಿಗೆ ಕಡಿಮೆ ದರ್ಜೆಯ ಗೊರಬಲು ಇದ್ರೆ ಅಲ್ಲೇ ಗೊತ್ತಾಗುತ್ತೆ. ನೀನು ಚೀಲದ ಬಾಯಿನೂ ಬಿಚ್ಚದೆ ಹೊತ್ಕೊಂಡು ಬಂದಿದೀಯ."

"ಕಂಪ್ಯೂಟರಿಗೆ ಕೈ ಹಾಕೋದು ಹೆಂಗೆ?" ವಿಶ್ವನ ಪ್ರಶ್ನೆ.

"ಹಾಕೋ ಮುಂಚೆ ಆಪ್ಟ್ ಪಾಲಿಸಿ ಅಂತ ಕಮಾಂಡ್ ಹೊಡೆದು ಪ್ಯಾಕೇಜಿನ ಹೆಸರು ಬರಿ. ಇನ್‌ಸ್ಟಾಲ್ಡ್ ಎದುರು ಏನೂ ಇಲ್ಲ ಅನ್ನುತ್ತೆ, ಕ್ಯಾಂಡಿಡೇಟ್, ಅಂದ್ರೆ ಹಾಕಿದ್ರೆ ಬರೋದು, ಅದರ ಎದುರು 12.22.9 ಅಂತ ತೋರಿಸುತ್ತೆ. ಯಜಮಾನಿಕೆ ಕೊಡೋ ಸುಡೋನೂ ಬೇಡ, ಪಾಸ್‌ವರ್ಡೂ ಬೇಡ. ಎಲೆಕ್ಷನ್ನಿನಲ್ಲೂ ನಾವು ಕ್ಯಾಂಡಿಡೇಟ್ ಯಾರು ಅಂತ ನೋಡೋದು ಬಟನ್ ಒತ್ತಿದ ಮೇಲೇ ಅಲ್ವಾ, ಬಿಡು."

"ಆದ್ರೂ ಇಷ್ಟು ಹಳೇದು ಯಾಕೆ ಕೊಡ್ತಾರೆ?" ಮಂಜನಿಗೆ ಅಳುವೇ ಬಂದಿತ್ತು.

"ನಿನ್ನ ಕಂಪ್ಯೂಟರ್ ನಡೆಸೋ ಉಬುಂಟು ಯಾವುದು? 22.04. ಅಂದ್ರೆ 2022ರ ಏಪ್ರಿಲ್. ಅವತ್ತು ಉಗ್ರಾಣದಲ್ಲಿ ಏನಿತ್ತೋ ಅದಕ್ಕೇ ತೇಪೆ ಹಾಕ್ಕೊಂಡು ವರ್ಷಗಟ್ಟಲೆ ಕೊಡ್ತಾರೆ. ನೋಡ್ 12 ಮಾಡಿದವರು ಅದೇ ಏಪ್ರಿಲ್ ಕೊನೆಗೆ ಅದಕ್ಕೆ ಎಳ್ಳುನೀರು ಬಿಟ್ಟರು."

ಸುಬ್ಬಣ್ಣನಿಗೆ ಅನುಮಾನ ಅಲ್ಲಿರಲಿಲ್ಲ. "12.22 ಯಾಕೆ ತಗೊಂಡೆ? 12.9 ಸಿಗ್ತಿರಲಿಲ್ವಾ? ಅದೇ ಜಾಸ್ತಿ."

"12.22 ಜಾಸ್ತಿ."

"ಹನ್ನೆರಡು ತೊಂಬತ್ತು ಜಾಸ್ತಿನೋ ಹನ್ನೆರಡು ಇಪ್ಪತ್ತೆರಡು ಜಾಸ್ತಿನೋ? ಮಂಡಿಯಲ್ಲಿ ಲೆಕ್ಕ ಬರೆದವರಂತೆ!"

"ಇದು ರೂಪಾಯಿ ಪೈಸೆ ಅಲ್ಲ ಮಾರಾಯ. ಸರ್ವೆ ನಂಬರ್ ಇದ್ದಂಗೆ. 12ರ 9 ಆದಮೇಲೆ ತಾನೇ 12ರ 22 ಬರೋದು?"

ಸುಬ್ಬಣ್ಣನಿಗೆ ಪೂರ್ತಿ ಅರ್ಥವಾಯಿತು. ಅರ್ಥವಾಗಿದ್ದೇ ತಪ್ಪಾಯಿತು. ಅವನ ದಾಯಾದಿ ಬೇಲಿ ಒತ್ತಿದ್ದು, ಸರ್ವೆಯವರು ಮೂರು ಸಲ ಬಂದು ಮೂರು ಕಡೆ ಕಲ್ಲು ನೆಟ್ಟಿದ್ದು, ಎಲ್ಲ ಹೊರಗೆ ಬಂತು. ನಡುವೆ ಎರಡು ಸಲ ಕಾಫಿಯೂ ಬಂತು.

ಕೊನೆಗೆ ವಿಶ್ವ ಅಡ್ಡ ಬಾಯಿ ಹಾಕಿದ. "ಹಂಗಾದ್ರೆ ಯಾವಾಗಲೂ ಲೇಟೆಸ್ಟೇ ಹಾಕೋದು ಒಳ್ಳೇದು ಅನ್ನಿ."

"ಈ ವರ್ಷದ ಅಪ್ಪೆಮಿಡಿ ತಿಂದು ನೋಡು. ಮಿಡಿಗೆ ಖಾರ ಇನ್ನೂ ಹಿಡಿದಿಲ್ಲ. ಅದು ಅನ್‌ಸ್ಟೇಬಲ್. ಉಬುಂಟುಗೆ ಮೂಲವಾದ ಡೆಬಿಯನ್ನಿನವರು ತಮ್ಮ ಅನ್‌ಸ್ಟೇಬಲ್ಲಿಗೆ ಸಿಡ್ ಅಂತ ಹೆಸರಿಟ್ಟಿದ್ದಾರೆ. ಕಾರ್ಟೂನ್ ಸಿನಿಮಾದಲ್ಲಿ ಆಟದ ಸಾಮಾನು ಮುರಿಯೋ ಪಕ್ಕದ ಮನೆ ಹುಡುಗ. ನೆಂಟರು ಬಂದಾಗ ಹೋದ ವರ್ಷದ ಭರಣಿ ತೆಗೀಬೇಕು. ನಮ್ಮಮ್ಮ ಭರಣಿ ಮೇಲೆ ಸುಣ್ಣದಲ್ಲಿ ಇಸವಿ ಬರೀತಿದ್ದಳು. ಇಸವಿ ನೋಡದೆ ಸೌಟು ಹಾಕಿದ್ರೆ ಕೈ ಮೇಲೇ ಒಂದು ಬೀಳ್ತಿತ್ತು."

ಮಂಜ ಪ್ಯಾಕೇಜುಗಳ ಲಿಸ್ಟ್ ಕೆಳಗೆ ಸರಿಸುತ್ತಿದ್ದವನು ನಿಂತ. "ಗಣಪಣ್ಣ, ಹೋದ ವರ್ಷ ತೆಗೆದುಹಾಕಿದ ಅಪಾಚೆ ವೆಬ್ ಸರ್ವರ್ ಇನ್ನೂ ಇಲ್ಲೇ ಇದೆ. ಎದುರಿಗೆ ಆರ್‌ಸಿ ಅಂತ ಬರ್ತಿದೆ."

"ಪ್ಯಾಕೇಜು ಹೋಗಿದೆ. ಅದರ ಸೆಟ್ಟಿಂಗಿನ ಫೈಲು ಉಳ್ಕೊಂಡಿದೆ ಅಂತ ಅರ್ಥ. ಪರ್ಜ್ ಅಂತ ಕೊಟ್ರೆ ಅದೂ ಹೋಗುತ್ತೆ."

ಪರ್ಜ್ ಅಂದವರು ಅಲ್ಲಿಗೇ ಸುಮ್ಮನಾದರು. ಮಳೆ ಸ್ವಲ್ಪ ಇಳಿದಿತ್ತು.

"ಆ ಭರಣಿ ಇನ್ನೂ ಅಟ್ಟದ ಮೇಲಿದೆ. ಇವಳು ಜಾಗಕ್ಕೆ ತೊಂದರೆ, ಯಾರಿಗಾದ್ರೂ ಕೊಟ್ಟುಬಿಡಿ ಅಂತಾಳೆ. ಮೊನ್ನೆ ಕೆಳಗಿಳಿಸಿ ಮುಚ್ಚಳ ತೆಗೆದೆ. ಖಾಲಿ. ಇಂಗಿನ ವಾಸನೆ ಮಾತ್ರ ಹಂಗೇ ಇದೆ."

"ಯಾವ ಇಸವಿದು?" ಅಂದ ಸುಬ್ಬಣ್ಣ.

"ಅದೇ ನೋಡಿದೆ. ಸುಣ್ಣ ಅಳಿಸ್ಹೋಗಿದೆ."